ಪಾವು, ಅಚ್ಚೇರು, ಸೇರು: ಭಿನ್ನರಾಶಿಗೆ ಮೊಬೈಲ್ ಪಾಠ ಕಟ್ಟಿದ ದಿನಚರಿ

ಆರನೆಯ ತರಗತಿಯ ಭಿನ್ನರಾಶಿ ಅಧ್ಯಾಯಕ್ಕೆ, ಮಕ್ಕಳು ಬೆರಳಿನಿಂದ ಆಡಿಸಿ ಕಲಿಯುವಂಥ ಪಾಠವೊಂದನ್ನು ಮೊಬೈಲಿಗಾಗಿ ಕಟ್ಟಬೇಕೆಂದು ಬೇಸಿಗೆ ರಜೆಯ ಮೊದಲ ವಾರ ಕುಳಿತೆ. ಮೂರು ವಾರದ ಕೆಲಸ ಎಂದು ಲೆಕ್ಕ ಹಾಕಿದ್ದೆ. ಹನ್ನೊಂದು ವಾರ ಹಿಡಿಯಿತು. ಇಂಥದ್ದೇ ಕೆಲಸಕ್ಕೆ ಕೈ ಹಾಕುವ ಬೇರೆ ಶಿಕ್ಷಕರಿಗೆ ಒಂದೆರಡು ವಾರವಾದರೂ ಉಳಿಯಲಿ ಎಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಊರು ತುಮಕೂರು ಜಿಲ್ಲೆಯದು. ಶಾಲೆ ಸರ್ಕಾರಿ ಹಿರಿಯ ಪ್ರಾಥಮಿಕ. ತರಗತಿಯಲ್ಲಿ 23 ಮಕ್ಕಳು.

ಬಳಸಿದ್ದು: 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಚಿತ್ರಕ್ಕೆ ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ, ನನ್ನ ಫೋನು, ಪರೀಕ್ಷೆಗೆಂದೇ ಕೊಂಡ ಐದು ಇಂಚಿನ ಸೆಕೆಂಡ್ ಹ್ಯಾಂಡ್ ಫೋನು (₹2,200), ಕಾಲರ್ ಮೈಕ್ (₹480), ರಟ್ಟು ಮತ್ತು ಅಂಟು (₹60), ಜೆರಾಕ್ಸ್ (₹45). ಒಟ್ಟು ₹2,785. ತಂತ್ರಾಂಶಗಳೆಲ್ಲ ಉಚಿತ.

ಏಪ್ರಿಲ್ 22. ಮನೆಗಳ ಸುತ್ತು

ಲ್ಯಾಪ್‌ಟಾಪ್ ತೆರೆಯುವ ಮೊದಲು ಮಕ್ಕಳ ಮನೆಗಳಿಗೆ ಹೋಗಿ ಬಂದೆ. ಇಡೀ ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಇದೇ. 9 ಮನೆಗಳಲ್ಲಿ ಮಾತ್ರ ಹಗಲಿನಲ್ಲಿ ಫೋನು ಇರುತ್ತದೆ. ಉಳಿದ ಕಡೆ ಅದು ಅಪ್ಪನ ಜೇಬಿನಲ್ಲೋ ಅಣ್ಣನ ಕೈಯಲ್ಲೋ ಇದ್ದು ಸಂಜೆ ಮನೆಗೆ ಬರುತ್ತದೆ. ಬಂದ ಮೇಲೂ ಮಗುವಿನ ಸರದಿಗೆ ಸಿಗುವುದು ಹತ್ತು ನಿಮಿಷ, ಅದೂ ಯಾವುದಾದರೂ ಕರೆ ಬರುವ ತನಕ. ಬ್ಯಾಟರಿ ಉಳಿಸಲು ಪರದೆಯ ಬೆಳಕು ತಗ್ಗಿಸಿರುತ್ತಾರೆ. ಹಲವು ಫೋನುಗಳಲ್ಲಿ ಹೊಸ ಆ್ಯಪ್ ಹಾಕಲು ಜಾಗವೇ ಇಲ್ಲ.

ಅಲ್ಲೇ ಮೂರು ತೀರ್ಮಾನ ಬರೆದುಕೊಂಡೆ. ಆ್ಯಪ್ ಬೇಡ, ಬ್ರೌಸರ್‌ನಲ್ಲಿ ತೆರೆಯುವ ಪುಟ ಸಾಕು. ಒಂದು ತುಣುಕು ಏಳು ನಿಮಿಷ ಮೀರಬಾರದು. ಮಧ್ಯದಲ್ಲಿ ಕರೆ ಬಂದು ಮುಚ್ಚಿದರೂ ನಿಂತಲ್ಲಿಂದಲೇ ಮುಂದುವರಿಯಬೇಕು.

ಏಪ್ರಿಲ್ 25ರಿಂದ ಮೇ 2. ಮೊದಲ ಪ್ರಯತ್ನ, ಪೂರ್ತಿ ವ್ಯರ್ಥ

ಇಷ್ಟು ತಿಳಿದುಕೊಂಡು ಬಂದವಳು ಎಂಟು ದಿನ ಕುಳಿತು ಮಾಡಿದ್ದೇನು? ಪಠ್ಯಪುಸ್ತಕವನ್ನೇ ಪರದೆಗೆ ಇಳಿಸಿದೆ. ಸಿದ್ಧ ಉಪಕರಣವೊಂದರಲ್ಲಿ 24 ಪುಟ ಮಾಡಿ, ಪ್ರತಿ ಪುಟದ ಕೆಳಗೆ ‘ಮುಂದೆ’ ಗುಂಡಿ ಇಟ್ಟು, ಕೊನೆಗೆ ಆಯ್ಕೆಯ ಪ್ರಶ್ನೆ ನಾಲ್ಕು ಸೇರಿಸಿದೆ. ಸಹೋದ್ಯೋಗಿಯೊಬ್ಬರು ಟೈಪ್ ಮಾಡಿಕೊಟ್ಟಿದ್ದ ಪಠ್ಯ ಯೂನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರಸಂಕೇತ) ಮೊದಲಿನ ಅಕ್ಷರಶೈಲಿಯದು. ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂತು. ಅದನ್ನು ಪರಿವರ್ತಿಸಿ, ತಪ್ಪಿದ ಒತ್ತಕ್ಷರಗಳನ್ನು ತಿದ್ದುವುದರಲ್ಲಿ ಒಂದೂವರೆ ದಿನ ಹೋಯಿತು.

ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಗಡಿಯಾರ ನೋಡುತ್ತ ಕುಳಿತೆ. 1 ನಿಮಿಷ 50 ಸೆಕೆಂಡಿನಲ್ಲಿ ಮುಗಿಸಿದ. ಪಾಠ ಏನು ಹೇಳಿತು ಎಂದು ಕೇಳಿದೆ. “ಮುಂದೆ ಅಂತ ಒತ್ತುತ್ತಾ ಹೋಗಬೇಕು ಮಿಸ್” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಅವನಿಗೆ ಮಾಡಲು ಕೊಟ್ಟಿದ್ದ ಒಂದೇ ಕೆಲಸ ಅದು. 24 ಪುಟಗಳನ್ನೂ ಅಳಿಸಿದೆ.

ಮೇ 4. ಪಾವು

ಪಠ್ಯದಲ್ಲಿರುವ ವೃತ್ತ ಮತ್ತು ಆಯತಗಳನ್ನು ಬಿಟ್ಟು ಬೇರೆ ಯಾವ ವಸ್ತು ಹಿಡಿಯಬಹುದು ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಅಡುಗೆಮನೆಯಲ್ಲಿ ಅಮ್ಮ ಅಕ್ಕಿ ಅಳೆಯುವಾಗ ಅದು ಕೈಗೆ ಸಿಕ್ಕಿತು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಒಂದು ಅಚ್ಚೇರು, ಹದಿನಾರು ಚಟಾಕಿಗೆ ಒಂದು ಸೇರು. ಕಾಲು, ಅರ್ಧ, ಹದಿನಾರನೆಯ ಒಂದು, ಎಲ್ಲವೂ ಅಲ್ಲಿವೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಪಾವು ಇನ್ನೂ ಅಕ್ಕಿಡಬ್ಬದೊಳಗೇ ಇದೆ. ಮಗು ಅದನ್ನು ಮುಟ್ಟಿ ನೋಡಿರುತ್ತದೆ.

ಪಾಠದ ಆಟ ಹೀಗೆ ನಿಶ್ಚಯವಾಯಿತು: ಪರದೆಯ ಮೇಲೆ ರಾಗಿಯ ಚೀಲ, ಖಾಲಿ ಸೇರು, ಪಕ್ಕದಲ್ಲಿ ಅಳತೆಗಳು. ಅಳತೆಯನ್ನು ಬೆರಳಿನಿಂದ ಎಳೆದು ಚೀಲದಲ್ಲಿ ತುಂಬಿ ಸೇರಿಗೆ ಸುರಿಯಬೇಕು. ‘ಮುಕ್ಕಾಲು ಸೇರು ತುಂಬು’ ಎಂದರೆ ಮೂರು ಪಾವು ಸುರಿಯಬಹುದು. ಒಂದು ಅಚ್ಚೇರು ಮತ್ತು ಒಂದು ಪಾವೂ ಆಗುತ್ತದೆ. ಎರಡೂ ಸರಿ.

ಮೇ 5ರಿಂದ 7. ರಟ್ಟಿನ ಫೋನು

ಈ ಸಲ ಕೋಡ್ ಬರೆಯಲು ಅವಸರ ಮಾಡಲಿಲ್ಲ. ಫೋನಿನ ಪರದೆಯ ನಾಲ್ಕು ಪಟ್ಟು ದೊಡ್ಡ ರಟ್ಟಿನ ಚೌಕಟ್ಟು ಕತ್ತರಿಸಿ, ಕಾಗದದ ಪಾವುಗಳನ್ನು ಅದರ ಮೇಲೆ ಇಬ್ಬರು ಮಕ್ಕಳಿಂದ ಆಡಿಸಿದೆ. ಮೊದಲ ಚಿತ್ರದಲ್ಲಿ ಚೀಲ ಮೇಲಿತ್ತು, ಸೇರು ಕೆಳಗಿತ್ತು. ಮಕ್ಕಳು ಮೇಲಕ್ಕೆ ಕೈ ಚಾಚಿದಾಗ ಅಂಗೈ ಇಡೀ ಪರದೆಯನ್ನು ಮುಚ್ಚಿಬಿಡುತ್ತಿತ್ತು. ತಿರುಗಿಸಿ ಚೀಲವನ್ನೂ ಅಳತೆಗಳನ್ನೂ ಹೆಬ್ಬೆರಳಿಗೆ ಹತ್ತಿರವಾಗಿ ಕೆಳಗಿಟ್ಟೆ, ಸೇರನ್ನು ನಡುವೆ ಇಟ್ಟೆ. ಕೋಡ್ ಬರೆದ ಮೇಲೆ ಈ ಬದಲಾವಣೆ ಮಾಡಿದ್ದರೆ ಎರಡು ದಿನ ಬೇಕಾಗುತ್ತಿತ್ತು. ರಟ್ಟಿನ ಮೇಲೆ ಐದು ನಿಮಿಷ ಸಾಕಾಯಿತು.

ಮೇ 9ರಿಂದ 12. ಅಳತೆಯ ಚಿತ್ರ ಮತ್ತು ನನ್ನ ಗಣಿತದ ತಪ್ಪು

ಅಮ್ಮನ ಪಾವು ಮತ್ತು ಸೇರನ್ನು ಪಕ್ಕಪಕ್ಕ ಇಟ್ಟು, ನೋಡಿದಂತೆಯೇ ಚಿತ್ರಿಸಿದೆ. ಪಾವು ಸೇರಿನ ಕಾಲು ಭಾಗ ಹಿಡಿಯುವುದು ಘನ ಅಳತೆಯಲ್ಲಿ. ಆಕಾರ ಒಂದೇ ಆಗಿದ್ದರೆ ಅದರ ಎತ್ತರವೂ ಅಗಲವೂ ಸೇರಿನ ಸುಮಾರು 0.63 ಪಟ್ಟು ಇರುತ್ತವೆ. ಪರದೆಯಲ್ಲಿ ಕಾಣುವುದು ಎತ್ತರ ಮತ್ತು ಅಗಲ ಮಾತ್ರ; 0.63 ಗುಣಿಸು 0.63 ಎಂದರೆ ಸುಮಾರು 0.40. ಹೀಗಾಗಿ ನಾಲ್ಕು ಪಾವು ಸುರಿದರೆ ಸೇರಿನ ಚಿತ್ರ ಮೂರನೆಯ ಪಾವಿಗೇ ತುಂಬಿ ಹರಿಯುವಂತೆ ಕಾಣುತ್ತಿತ್ತು. ಭಿನ್ನರಾಶಿ ಕಲಿಸುವ ಚಿತ್ರವೇ ಭಿನ್ನರಾಶಿಯನ್ನು ಸುಳ್ಳು ಹೇಳುತ್ತಿತ್ತು.

ಎರಡನೆಯ ಪ್ರಯತ್ನದಲ್ಲಿ ಅಗಲ ಒಂದೇ ಇಟ್ಟು ಎತ್ತರವನ್ನು ಕಾಲು ಭಾಗ ಮಾಡಿದೆ. ಲೆಕ್ಕ ಸರಿಹೋಯಿತು. ಆದರೆ ಅದನ್ನು ನೋಡಿದ ಹುಡುಗಿ “ಇದು ತಟ್ಟೆ, ಪಾವು ಎಲ್ಲಿ?” ಎಂದು ಕೇಳಿದಳು. ಕೊನೆಗೆ ಉಳಿದದ್ದು ಮೂರನೆಯದು: ಸೇರು 120 × 160 ಪಿಕ್ಸೆಲ್, ಅಚ್ಚೇರು 85 × 113, ಪಾವು 60 × 80. ವಿಸ್ತೀರ್ಣದ ಲೆಕ್ಕಕ್ಕೆ ಅರ್ಧ ಮತ್ತು ಕಾಲು ಸರಿಯಾಗಿ ಬರುತ್ತದೆ, ಆಕಾರವೂ ಪರಿಚಿತವಾಗಿ ಉಳಿಯುತ್ತದೆ. ನಿಜವಾದ ಪಾವಿಗಿಂತ ಇದು ತುಸು ಸಣ್ಣದಾಗಿ ಕಾಣುತ್ತದೆ. ಆ ಕೊರತೆಯನ್ನು ಒಪ್ಪಿಕೊಂಡೆ.

ಚಟಾಕು 30 × 40 ಆಯಿತು. ಬೆರಳಿಗೆ ಅದು ಸಿಗುವುದಿಲ್ಲ. ಆಂಡ್ರಾಯ್ಡ್ ಮಾರ್ಗಸೂಚಿ ಹೇಳುವ ಕನಿಷ್ಠ ಸ್ಪರ್ಶದ ಅಳತೆ 48 × 48, ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ಚಿತ್ರವನ್ನು ದೊಡ್ಡದು ಮಾಡಿದರೆ ಲೆಕ್ಕ ಕೆಡುತ್ತದೆ. ಅದಕ್ಕೆ ಚಿತ್ರವನ್ನು ಹಾಗೆಯೇ ಬಿಟ್ಟು, ಅದರ ಸುತ್ತ ಕಾಣದ 56 ಪಿಕ್ಸೆಲ್ ಚೌಕವೊಂದನ್ನು ಇಟ್ಟು ಸ್ಪರ್ಶವನ್ನು ಅದು ಹಿಡಿಯುವಂತೆ ಮಾಡಿದೆ.

ಮೇ 14ರಿಂದ 21. ಎಳೆಯುವುದು

ಹೆಚ್ಚು ದಿನ ತಿಂದದ್ದು ಈ ಹಂತ. ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದು ಎಳೆದರೆ ಪಾವು ಸೊಗಸಾಗಿ ಬರುತ್ತಿತ್ತು. ಹಳೆಯ ಫೋನಿನಲ್ಲಿ ಅದು ಕದಲಲೇ ಇಲ್ಲ. ನನ್ನ ಫೋನಿನಲ್ಲಿ ಬೆರಳನ್ನು ಒತ್ತಿಹಿಡಿದು ಕಾದರೆ ಮಾತ್ರ ಎದ್ದಿತು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಸಿದ್ಧ ‘ಡ್ರ್ಯಾಗ್ ಅಂಡ್ ಡ್ರಾಪ್’ (ಎಳೆದು ಬಿಡುವ) ವ್ಯವಸ್ಥೆ ಮೌಸ್‌ಗಾಗಿ ರೂಪಗೊಂಡದ್ದು ಎಂದು ಗೊತ್ತಾಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಪರದೆಯನ್ನು ಫೋನಿನಷ್ಟು ಕಿರಿದು ಮಾಡಿ ನೋಡಿ ತೃಪ್ತಿಪಟ್ಟುಕೊಂಡಿದ್ದೆ. ನಿಜವಾದ ಫೋನಿನಲ್ಲಿ ಮೊದಲ ದಿನವೇ ನೋಡಬೇಕಿತ್ತು. ಇದನ್ನು ಓದುತ್ತಿರುವವರು ದಯವಿಟ್ಟು ಮೊದಲ ದಿನವೇ ನೋಡಿ.

ಎಲ್ಲವನ್ನೂ ಪಾಯಿಂಟರ್ ಈವೆಂಟ್‌ಗಳಿಗೆ (ಒತ್ತಿದ್ದು, ಸರಿಸಿದ್ದು, ಎತ್ತಿದ್ದು ಎಂದು ಬ್ರೌಸರ್ ಕೊಡುವ ಸೂಚನೆಗಳು) ಬದಲಾಯಿಸಿದೆ: ಪಾಯಿಂಟರ್‌ಡೌನ್, ಪಾಯಿಂಟರ್‌ಮೂವ್, ಪಾಯಿಂಟರ್‌ಅಪ್. ಮೌಸ್‌ಗೂ ಬೆರಳಿಗೂ ಒಂದೇ ಕೋಡ್ ಸಾಕಾಗುತ್ತದೆ. ಆಮೇಲೆ ಒಂದೊಂದಾಗಿ ತೊಂದರೆಗಳು ಎದ್ದವು.

ಪಾವನ್ನು ಎಳೆಯಲು ಹೋದರೆ ಪುಟವೇ ಜರುಗಿ, ಎಳೆತ ಅರ್ಧಕ್ಕೆ ನಿಲ್ಲುತ್ತಿತ್ತು. ಎಳೆಯುವ ವಸ್ತುಗಳಿಗೆ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ‘ಟಚ್-ಆ್ಯಕ್ಷನ್: ನನ್’ ಎಂದು ಬರೆದ ಮೇಲೆ ನಿಂತಿತು.

ಬೆರಳು ವಸ್ತುವಿನ ಆಚೆಗೆ ಸ್ವಲ್ಪ ಜಾರಿದರೂ ಪಾವು ನಡುದಾರಿಯಲ್ಲಿ ಕೈಬಿಡುತ್ತಿತ್ತು. ಬೆರಳು ಎಲ್ಲಿಗೆ ಹೋದರೂ ಎಳೆತವನ್ನು ಅದೇ ವಸ್ತುವಿಗೆ ಕಟ್ಟಿಡುವ ‘ಪಾಯಿಂಟರ್ ಕ್ಯಾಪ್ಚರ್’ ಹಾಕಿದೆ.

ಮೂರನೆಯದಕ್ಕೆ ಕಾರಣ ಹುಡುಕಲು ಒಂದು ಇಡೀ ಸಂಜೆ ಬೇಕಾಯಿತು. ಸೇರಿನ ಬಳಿಯಿಂದ ಖಾಲಿ ಜಾಗದ ಮೇಲೆ ಬೆರಳನ್ನು ಕೆಳಕ್ಕೆ ಎಳೆದಾಗಲೆಲ್ಲ ಪಾಠ ಮೊದಲಿನಿಂದ ಶುರುವಾಗುತ್ತಿತ್ತು. ನನ್ನ ಕೋಡ್‌ನಲ್ಲೇ ದೋಷವಿದೆ ಎಂದು ಸಾಲು ಸಾಲು ತಡಕಿದೆ. ಅದು ಪುಟವನ್ನು ಕೆಳಗೆಳೆದರೆ ಮರುಲೋಡ್ ಮಾಡುವ ಬ್ರೌಸರ್‌ನ ಸೌಲಭ್ಯ! ‘ಓವರ್‌ಸ್ಕ್ರೋಲ್-ಬಿಹೇವಿಯರ್: ನನ್’ ಎಂಬ ಒಂದು ಸಾಲು ಅದನ್ನು ತಡೆಯಿತು.

ಇನ್ನು ಹೆಬ್ಬೆರಳು ಪಾವನ್ನು ಪೂರ್ತಿ ಮುಚ್ಚುತ್ತಿತ್ತು, ರಾಗಿ ತುಂಬಿದೆಯೇ ಇಲ್ಲವೇ ಎಂಬುದೇ ಕಾಣುತ್ತಿರಲಿಲ್ಲ. ಎತ್ತಿದ ಕೂಡಲೇ ಪಾವು ಬೆರಳಿಗಿಂತ 44 ಪಿಕ್ಸೆಲ್ ಮೇಲೆ ತೇಲುವಂತೆ ಮಾಡಿದೆ. ಸೇರಿನ ಬಾಯಿಗೆ 40 ಪಿಕ್ಸೆಲ್ ಹತ್ತಿರ ಬಂದರೆ ತಾನಾಗಿಯೇ ಬಾಗಿ ಸುರಿಯುತ್ತದೆ. ಪರದೆ ಒಡೆದು ಒಂದು ಭಾಗದಲ್ಲಿ ಸ್ಪರ್ಶವೇ ಹಿಡಿಯದ ಫೋನುಗಳೂ ಇದ್ದವು. ಅವುಗಳಿಗಾಗಿ ಎರಡನೆಯ ದಾರಿ ಇಟ್ಟೆ: ಪಾವನ್ನು ಒಮ್ಮೆ ಒತ್ತಿ, ಸೇರನ್ನು ಒಮ್ಮೆ ಒತ್ತಿದರೆ ಸಾಕು, ಎಳೆಯಬೇಕಾಗಿಲ್ಲ.

ಪರದೆಯ ಪೂರ್ತಿ ಎತ್ತರಕ್ಕೆ 100 ವಿಎಚ್ (ಒಂದು ವಿಎಚ್ ಎಂದರೆ ಪರದೆಯ ಎತ್ತರದ ನೂರನೆಯ ಒಂದು) ಕೊಟ್ಟಿದ್ದೆ. ಬ್ರೌಸರ್‌ನ ವಿಳಾಸಪಟ್ಟಿ (ಅಡ್ರೆಸ್ ಬಾರ್) ಕಾಣುವಾಗ ಚೀಲದ ಬುಡ ಪರದೆಯ ಕೆಳಗೆ ಹೋಗುತ್ತಿತ್ತು. ಹೊಸ ಬ್ರೌಸರ್‌ಗಳಿಗೆ ಆ ಪಟ್ಟಿಗೆ ತಕ್ಕಂತೆ ಬದಲಾಗುವ ‘ಡಿವಿಎಚ್’ ಅಳತೆ ಇದೆ. ಹಳೆಯ ಫೋನಿಗೆ ಅದು ತಿಳಿಯದ ಕಾರಣ ಜಾವಾಸ್ಕ್ರಿಪ್ಟ್‌ನಿಂದ ಎತ್ತರ ಓದಿ ಕೊಟ್ಟೆ.

ಮೇ 23. ಅಕ್ಷರ

ಗುಂಡಿಯ ಮೇಲಿನ ‘ಅಚ್ಚೇರು’ ಹಳೆಯ ಫೋನಿನಲ್ಲಿ ‘ಅಚೇರು’ ಆಗಿತ್ತು. ಸಾಲಿನ ಎತ್ತರವನ್ನು 1.2 ಇಟ್ಟಿದ್ದರಿಂದ ಕೆಳಗಿನ ಒತ್ತು ಗುಂಡಿಯ ಅಂಚಿಗೆ ಕತ್ತರಿಸಿಹೋಗಿತ್ತು. ಇಂಗ್ಲಿಷಿಗೆ ಸಾಕಾಗುವ ಎತ್ತರ ಒತ್ತಕ್ಷರವಿರುವ ನಮ್ಮ ಲಿಪಿಗೆ ಸಾಲದು. 1.7ಕ್ಕೆ ಏರಿಸಿ, ಅಕ್ಷರದ ಗಾತ್ರವನ್ನು 20 ಪಿಕ್ಸೆಲ್ ಮಾಡಿದೆ. ನೋಟೋ ಸಾನ್ಸ್ ಕನ್ನಡ ಎಂಬ ಅಕ್ಷರಶೈಲಿ ಬಳಸಿದೆ. ಕಡತ ಹಗುರವಾಗಲೆಂದು ಕನ್ನಡದ ಯೂನಿಕೋಡ್ ವಿಭಾಗವನ್ನಷ್ಟೇ ಉಳಿಸಿ ಕತ್ತರಿಸಿದಾಗ 1, 2, 3 ಎಂಬ ಅಂಕಿಗಳೂ ವಿರಾಮಚಿಹ್ನೆಗಳೂ ₹ ಗುರುತೂ ಬೇರೆ ಅಕ್ಷರಶೈಲಿಯಲ್ಲಿ ಬಂದವು; ಅವು ಆ ವಿಭಾಗದಲ್ಲಿ ಇಲ್ಲ. ಸೇರಿಸಿ ಮತ್ತೆ ಕತ್ತರಿಸಿದೆ.

ಬಿಸಿಲಿನಲ್ಲಿ ನಿಂತು ನೋಡಿದಾಗ ಕಂದು ಹಿನ್ನೆಲೆಯ ಮೇಲೆ ರಾಗಿಯೇ ಕಾಣಲಿಲ್ಲ. ಮರದ ಹಲಗೆಯ ಚಂದದ ಹಿನ್ನೆಲೆಯನ್ನು ತೆಗೆದು ಸುಣ್ಣದ ಗೋಡೆಯ ಬಣ್ಣ ಹಾಕಿದೆ.

ಮೇ 26ರಿಂದ ಜೂನ್ 3. ಧ್ವನಿ, ಮತ್ತು ‘ಮೂರನೆಯ ಎರಡು’

ಓದಲು ತಡವರಿಸುವ ಮಕ್ಕಳಿಗಾಗಿ ಒಂಬತ್ತು ಧ್ವನಿತುಣುಕು ಮುದ್ರಿಸಿದೆ. ಮೊದಲ ಮುದ್ರಣದಲ್ಲಿ ಫ್ಯಾನಿನ ಸದ್ದು, ಎರಡನೆಯದರಲ್ಲಿ ಹುಂಜ. ಮೂರನೆಯದನ್ನು ರಾತ್ರಿ ಹನ್ನೊಂದಕ್ಕೆ, ಬಟ್ಟೆಯ ಬೀರುವಿನ ಬಾಗಿಲು ತೆರೆದು ಅದರೊಳಕ್ಕೆ ಮುಖ ಮಾಡಿ ಹೇಳಿದೆ, ಅದೇ ಉಳಿಯಿತು. ಒಟ್ಟು 126 ಸೆಕೆಂಡ್. ವೇವ್ ಕಡತವಾಗಿ ಸುಮಾರು 11 ಎಂಬಿ ಇತ್ತು. ಧ್ವನಿಯನ್ನು ಕುಗ್ಗಿಸಿಡುವ ಓಪಸ್ ಮಾದರಿಗೆ, ಸೆಕೆಂಡಿಗೆ 24 ಕಿಲೋಬಿಟ್‌ನಂತೆ ಇಳಿಸಿದಾಗ 380 ಕೆಬಿ ಆಯಿತು. ಮಾತಿಗೆ ಅದು ಧಾರಾಳವಾಗಿ ಸಾಕು. ಪುಟ ತೆರೆದ ಕೂಡಲೇ ಧ್ವನಿ ಬರಲಿ ಎಂದು ಇಟ್ಟದ್ದು ಫೋನುಗಳಲ್ಲಿ ಕೇಳಿಸಲೇ ಇಲ್ಲ. ಬಳಸುವವರು ಒಮ್ಮೆ ಪರದೆ ಮುಟ್ಟುವ ತನಕ ಬ್ರೌಸರ್ ಬಿಡುವುದಿಲ್ಲ. ಮೊದಲ ಪರದೆಯಲ್ಲಿ ‘ಚೀಲ ಬಿಚ್ಚು’ ಎಂಬ ದೊಡ್ಡ ಗುಂಡಿ ಇಟ್ಟು ಅದನ್ನು ಪರಿಹರಿಸಿದೆ.

ಇದಾದ ಮೇಲೆ ಸಿಕ್ಕ ತಪ್ಪು ತಂತ್ರಜ್ಞಾನದ್ದಲ್ಲ, ಹದಿನಾಲ್ಕು ವರ್ಷಗಳಿಂದ ತರಗತಿಯಲ್ಲಿ ನಾನು ಗಮನಿಸದೆ ಬಿಟ್ಟದ್ದು. ಧ್ವನಿ “ನಾಲ್ಕನೆಯ ಮೂರು” ಎನ್ನುತ್ತದೆ. ಮಗು ಕೇಳಿದ ಕ್ರಮದಲ್ಲೇ ಮೇಲೆ 4, ಕೆಳಗೆ 3 ಇಡುತ್ತದೆ. ಕನ್ನಡದಲ್ಲಿ ನಾವು ಛೇದವನ್ನು ಮೊದಲು ಹೇಳುತ್ತೇವೆ, ಅಂಶವನ್ನು ಆಮೇಲೆ. ಬರೆಯುವಾಗ ಅಂಶ ಮೇಲೆ, ಛೇದ ಕೆಳಗೆ. ಮೂರನೆಯ ಎರಡು ಎಂದು ಕೇಳಿ 3/2 ಬರೆದ ಮಕ್ಕಳಿಗೆ ಎಷ್ಟು ಸಲ ಕೆಂಪು ಗೆರೆ ಎಳೆದಿದ್ದೇನೋ! ಅವರು ನನ್ನ ಮಾತನ್ನು ನಿಷ್ಠೆಯಿಂದ ಬರೆದುಕೊಂಡಿದ್ದರು.

ಐದು ದಿನ ಇದಕ್ಕೇ ಮೀಸಲಿಟ್ಟೆ. ಪರದೆಯಲ್ಲಿ ಭಿನ್ನರಾಶಿಯನ್ನು ಓರೆಗೆರೆಯ 3/4 ಆಗಿ ಬರೆಯುವುದನ್ನು ಬಿಟ್ಟು, ಮೇಲೆ ಕೆಳಗೆ ಇಟ್ಟೆ. ಧ್ವನಿ “ನಾಲ್ಕನೆಯ” ಎನ್ನುವಾಗ ಕೆಳಗಿನ 4 ಬೆಳಗಿ, ಸೇರಿನ ಒಳಗೆ ನಾಲ್ಕು ಗೆರೆಮಟ್ಟ ಮೂಡುತ್ತದೆ. “ಮೂರು” ಎನ್ನುವಾಗ ಮೇಲಿನ 3 ಬೆಳಗಿ, ಮೂರು ಮಟ್ಟ ತುಂಬುತ್ತದೆ. ಮೊದಲ ಸಲ ಬೆಳಕು ಧ್ವನಿಗಿಂತ ಅರ್ಧ ಸೆಕೆಂಡ್ ಮುಂದಿತ್ತು, ಮಕ್ಕಳಿಗೆ ಇನ್ನಷ್ಟು ಗೊಂದಲವಾಯಿತು. ಪ್ರತಿ ತುಣುಕಿನಲ್ಲೂ ಪದ ಆರಂಭವಾಗುವ ಕ್ಷಣವನ್ನು ಆಡಾಸಿಟಿಯಲ್ಲಿ ನೋಡಿ ಬರೆದುಕೊಂಡು ಹೊಂದಿಸಿದೆ. ಕೊನೆಗೆ “ಮುಕ್ಕಾಲು” ಎಂಬ ಪದ ಬರುತ್ತದೆ: ಮೂರು ಕಾಲು, ಮುಕ್ಕಾಲು. ಆ ಪದದಲ್ಲಿ ಅಂಶವೇ ಮೊದಲು! ಮನೆಯಲ್ಲಿ ದಿನವೂ ಕೇಳುವ ಪದದಿಂದಲೇ ಮಕ್ಕಳಿಗೆ ಮೇಲಿನ ಮೂರು ಹಿಡಿತಕ್ಕೆ ಸಿಕ್ಕಿತು.

ಜೂನ್ 6. ಸರಿ ತಪ್ಪು

ತಪ್ಪಾದರೆ ಕೆಂಪು ಗುರುತು ಮತ್ತು ಗುರ್ ಎಂಬ ಸದ್ದು ಇಟ್ಟಿದ್ದೆ. ಎರಡು ಸಲ ಆ ಸದ್ದು ಬಂದ ಕೂಡಲೇ ಒಬ್ಬಳು ಫೋನನ್ನು ತಮ್ಮನಿಗೆ ಕೊಟ್ಟು ಎದ್ದುಹೋದಳು. ಸದ್ದು ತೆಗೆದುಹಾಕಿದೆ. ಈಗ ಹೆಚ್ಚಾದರೆ ರಾಗಿ ಚೆಲ್ಲುತ್ತದೆ, ಕಡಿಮೆಯಾದರೆ ಸೇರಿನಲ್ಲಿ ಖಾಲಿ ಜಾಗ ಕಾಣುತ್ತದೆ. ಪಾಠ ಬಾಯಿ ತೆರೆಯುವುದಿಲ್ಲ. ಮಗು ನೋಡಿ ತಾನೇ ತಿದ್ದಿಕೊಳ್ಳುತ್ತದೆ.

ಆಯ್ಕೆಯ ಪ್ರಶ್ನೆಗಳಲ್ಲೂ ಮನಸ್ಸಿಗೆ ಬಂದ ತಪ್ಪು ಉತ್ತರಗಳನ್ನು ತೆಗೆದು, ಮಕ್ಕಳು ನಿಜವಾಗಿ ಬರೆಯುವ ತಪ್ಪುಗಳನ್ನು ಇಟ್ಟೆ. 1/2 + 1/4ಕ್ಕೆ 2/6 ಎನ್ನುವವರು ಇರುತ್ತಾರೆ. ಅದನ್ನು ಆರಿಸಿದರೆ ಅಚ್ಚೇರಿನ ಜೊತೆ ಪಾವನ್ನು ಸುರಿದು ತೋರಿಸುತ್ತದೆ. 2/6 ಎಂದರೆ ಮೂರನೆಯ ಒಂದು, ಮೊದಲಿದ್ದ ಅರ್ಧಕ್ಕಿಂತ ಕಡಿಮೆ. ಸೇರಿಸಿದ ಮೇಲೆ ಕಡಿಮೆಯಾಗುವುದು ಹೇಗೆ ಎಂದು ಮಕ್ಕಳೇ ಕೇಳತೊಡಗಿದರು. 8 ದೊಡ್ಡದು, ಆದ್ದರಿಂದ 1/8 ದೊಡ್ಡದು ಎನ್ನುವವರಿಗೆ ಪಾವು (ಸೇರಿನ 1/4) ಮತ್ತು ಅರೆಪಾವು (ಸೇರಿನ 1/8) ಪಕ್ಕಪಕ್ಕ ನಿಲ್ಲುತ್ತವೆ.

ಜೂನ್ 10ರಿಂದ 19. ತಲುಪಿಸುವುದು

ಒಂದೇ ಎಚ್‌ಟಿಎಂಎಲ್ ಕಡತ ಮಾಡಿ ಸಂದೇಶದ ಮೂಲಕ ಕಳುಹಿಸಿದೆ. ತೆರೆಯಿತು. ಮುಚ್ಚಿ ತೆರೆದರೆ ಮಾತ್ರ ಮಗು ಎಲ್ಲಿ ನಿಲ್ಲಿಸಿತ್ತು ಎಂಬ ನೆನಪು ಉಳಿಯಲಿಲ್ಲ. ಕೊನೆಗೆ ಉಚಿತ ಹೋಸ್ಟಿಂಗ್‌ನಲ್ಲಿ (ಅಂತರ್ಜಾಲದಲ್ಲಿ ಪುಟ ಇಡುವ ಜಾಗ) ಪುಟವನ್ನು ಇಟ್ಟು, ಅದರ ಪ್ರತಿಯನ್ನು ಫೋನಿನಲ್ಲೇ ಉಳಿಸಿಕೊಡುವ ‘ಸರ್ವಿಸ್ ವರ್ಕರ್’ ಎಂಬ ಸಣ್ಣ ಕೋಡ್ ಸೇರಿಸಿದೆ. ಶಾಲೆಯಲ್ಲಿ ನನ್ನ ಹಾಟ್‌ಸ್ಪಾಟ್‌ನಿಂದ ಒಮ್ಮೆ ತೆರೆದರೆ ಮನೆಯಲ್ಲಿ ಡೇಟಾ ಇಲ್ಲದೆಯೂ ನಡೆಯುತ್ತದೆ. ಚಿತ್ರ, ಧ್ವನಿ, ಅಕ್ಷರ ಎಲ್ಲ ಸೇರಿ 860 ಕೆಬಿ.

ಇಲ್ಲೊಂದು ದೊಡ್ಡ ತಪ್ಪು ಮಾಡಿದೆ. ಮೂರನೆಯ ಪ್ರಶ್ನೆಯ ಉತ್ತರವೊಂದು ತಪ್ಪಾಗಿತ್ತು. ತಿದ್ದಿ ಮತ್ತೆ ಏರಿಸಿದೆ. ನಾಲ್ಕು ದಿನ ಕಳೆದರೂ ಮಕ್ಕಳ ಫೋನುಗಳಲ್ಲಿ ಹಳೆಯದೇ ಬರುತ್ತಿತ್ತು, ಏಕೆಂದರೆ ಸರ್ವಿಸ್ ವರ್ಕರ್ ಉಳಿಸಿಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿತ್ತು. ಕ್ಯಾಶ್‌ನ (ಹಾಗೆ ಉಳಿಸಿಟ್ಟ ಪ್ರತಿಯ) ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇಟ್ಟು, ಪ್ರತಿ ತಿದ್ದುಪಡಿಗೂ ಅದನ್ನು ಬದಲಾಯಿಸಿ, ಹಳೆಯದನ್ನು ಅಳಿಸುವ ಸಾಲುಗಳನ್ನು ಮೊದಲೇ ಬರೆಯಬೇಕಿತ್ತು. ಆ ನಾಲ್ಕು ದಿನ ಸರಿ ಉತ್ತರ ಕೊಟ್ಟ ಮಕ್ಕಳಿಗೆ ನನ್ನ ಪಾಠ ತಪ್ಪು ಎಂದಿತು. ತರಗತಿಯಲ್ಲಿ ನಿಂತು ಕ್ಷಮೆ ಕೇಳಿದೆ.

ಅಣ್ಣ ತಂಗಿ ಒಂದೇ ಫೋನು ಬಳಸುವಲ್ಲಿ ಇಬ್ಬರ ಲೆಕ್ಕವೂ ಕಲೆಯುತ್ತಿತ್ತು. ಹೆಸರು ಕೇಳುವುದು ನನಗೆ ಬೇಡವಾಗಿತ್ತು. ಆರಂಭದಲ್ಲಿ ಎತ್ತು, ಕೋಳಿ, ಮಾವಿನಕಾಯಿ, ಬುಗುರಿ ಎಂಬ ಚಿತ್ರಗಳಲ್ಲಿ ಒಂದನ್ನು ಆರಿಸಿದರೆ ಆ ಚಿತ್ರದ ಹೆಸರಿನಲ್ಲಿ ನೆನಪು ಉಳಿಯುತ್ತದೆ. ಯಾವ ಮಾಹಿತಿಯೂ ಫೋನಿನಿಂದ ಹೊರಗೆ ಹೋಗುವುದಿಲ್ಲ.

ಜೂನ್ 24ರಿಂದ ಜುಲೈ 8. ಅಜ್ಜಿಯ ಅಳತೆ

ಮುಗಿಯಿತು ಎಂದುಕೊಂಡಿದ್ದೆ. ಒಬ್ಬ ಹುಡುಗಿ ಬಂದು, “ಮಿಸ್, ನಮ್ಮ ಅಜ್ಜಿ ಪಾವಿನ ಮೇಲೆ ಗೋಪುರ ಬರುವ ಹಾಗೆ ತುಂಬುತ್ತಾರೆ. ಹಾಗೆ ನಾಲ್ಕು ಹಾಕಿದರೆ ಸೇರು ತುಂಬಿ ಚೆಲ್ಲುತ್ತದೆ. ನಿಮ್ಮ ಫೋನಿನಲ್ಲಿ ಯಾಕೆ ಚೆಲ್ಲುವುದಿಲ್ಲ?” ಎಂದಳು. ಅಮ್ಮನ ಪಾವು ಮತ್ತು ಸೇರು ತಂದು ತರಗತಿಯಲ್ಲೇ ಅಳೆದೆವು. ಮಟ್ಟ ಮಾಡಿದ ನಾಲ್ಕು ಪಾವಿಗೆ ಸೇರು ಮಟ್ಟವಾಗಿ ತುಂಬಿತು. ಗೋಪುರದ ನಾಲ್ಕು ಪಾವಿಗೆ ರಾಗಿ ಮೇಜಿನ ಮೇಲೆ ಹರಿಯಿತು.

ಆದ್ದರಿಂದ ಪಾಠದಲ್ಲೂ ಚೀಲದಿಂದ ಎದ್ದ ಪಾವಿಗೆ ಈಗ ಗೋಪುರವಿದೆ. ಅದರ ಬಾಯಿಯ ಮೇಲೆ ಬೆರಳನ್ನು ಅಡ್ಡ ಸವರಿದರೆ ಮಟ್ಟವಾಗುತ್ತದೆ. ಸವರದೆ ಸುರಿದರೆ ಕೊನೆಯಲ್ಲಿ ಚೆಲ್ಲುತ್ತದೆ. ಭಾಗಗಳು ಸಮವಾಗಿರಬೇಕು ಎಂದು ಹಲಗೆಯ ಮೇಲೆ ಬರೆದು ಬರೆದು ಹೇಳುತ್ತಿದ್ದ ಮಾತನ್ನು ಮಕ್ಕಳು ಆ ಸವರುವಿಕೆಯಲ್ಲಿ ಹಿಡಿದರು.

ಮೊದಲು ಪ್ರತಿ ಪಾವಿಗೆ 300 ರಾಗಿಕಾಳು ಬೀಳುವಂತೆ ಬರೆದಿದ್ದೆ. ಹಳೆಯ ಫೋನು ತಡವರಿಸಿ ನಿಂತಿತು. 60ಕ್ಕೆ ಇಳಿಸಿದೆ, ಉಳಿದದ್ದನ್ನು ಏರುವ ಮಟ್ಟವೇ ತೋರಿಸುತ್ತದೆ. ಸವರುವಾಗ ಇನ್ನೂ ಒಂದು ತೊಂದರೆ ಉಳಿದಿದೆ: ಎಡಗೈ ಮಕ್ಕಳು ಬಲದಿಂದ ಎಡಕ್ಕೆ ಸವರಿದರೆ, ಅಂಚಿನಿಂದ ಶುರುವಾದ ಬೆರಳನ್ನು ಫೋನು ‘ಹಿಂದಕ್ಕೆ’ ಎಂಬ ಸನ್ನೆಯಾಗಿ ತಿಳಿದು ಪುಟವನ್ನೇ ಬಿಟ್ಟುಹೋಗುತ್ತದೆ. ಪಾವನ್ನು ಅಂಚಿನಿಂದ ಇನ್ನೂ 32 ಪಿಕ್ಸೆಲ್ ಒಳಕ್ಕೆ ಸರಿಸಿ ನೋಡುತ್ತಿದ್ದೇನೆ. ಆ ಹುಡುಗಿ ಶನಿವಾರ ಅಜ್ಜಿಯ ಸೇರನ್ನು ತರುತ್ತೇನೆ ಎಂದಿದ್ದಾಳೆ. ಅದರ ಬಾಯಿ ನಮ್ಮದಕ್ಕಿಂತ ಅಗಲವಂತೆ. ಅಳೆದು ನೋಡಿ ಗೋಪುರದ ಚಿತ್ರವನ್ನು ತಿದ್ದಬೇಕು.